ಜರ್ಮನಿಗೆ ಓದಲು ಹೊರಡುವವರಿಗೆ, ಓದಿ ಮರಳಿದವಳ ಕೈಪಿಡಿ

ವಿದೇಶದಲ್ಲಿ ಓದುವ ಬಗ್ಗೆ ಕನ್ನಡದಲ್ಲಿ ಸಿಗುವ ಸಲಹೆಗಳು ಬಹುಪಾಲು ಪ್ರವೇಶಪತ್ರ ಕೈಗೆ ಬರುವಲ್ಲಿಗೆ ಮುಗಿದುಹೋಗುತ್ತವೆ. ಆದರೆ ನಿಜವಾದ ಓದು ಶುರುವಾಗುವುದು ಅಲ್ಲಿಂದ ಮುಂದೆ. ನಾನು ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ಎಂಬ ಸಣ್ಣ ಊರಿನಲ್ಲಿ, 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದಲ್ಲಿ, ಭೂವಿಜ್ಞಾನದ ಸ್ನಾತಕೋತ್ತರ ಪದವಿ ಮುಗಿಸಿ ಬಂದು ಈಗ ಧಾರವಾಡದಲ್ಲಿದ್ದುಕೊಂಡು ಅಂತರ್ಜಲಕ್ಕೆ ಸಂಬಂಧಿಸಿದ ಕೆಲಸ ಮಾಡುತ್ತಿದ್ದೇನೆ. ಪದವಿ ಪ್ರಮಾಣಪತ್ರವನ್ನು ಕಪಾಟಿನಿಂದ ಹೊರತೆಗೆಯುವ ಸಂದರ್ಭ ಬರುವುದು ಅಪರೂಪ. ಅಲ್ಲಿ ಒಬ್ಬಳೇ ಕೋಣೆ, ಕಾಗದಪತ್ರ, ಅಡುಗೆ, ಸಮಯ ಇವನ್ನೆಲ್ಲ ನಿಭಾಯಿಸುತ್ತ ಕಲಿತದ್ದು ಮಾತ್ರ ದಿನವೂ ಉಪಯೋಗಕ್ಕೆ ಬರುತ್ತಿದೆ. ಆದ್ದರಿಂದ ಈ ಕೈಪಿಡಿಯಲ್ಲಿ ತರಗತಿಗೆ ಎಷ್ಟು ಜಾಗವಿದೆಯೋ ಅಂಚೆಪೆಟ್ಟಿಗೆಗೂ ಒಗ್ಗರಣೆಗೂ ಅಷ್ಟೇ ಜಾಗವಿದೆ.

ಹಂತ 1: ಹೊರಡುವ ಮೊದಲಿನ ವರ್ಷ

ಚಳಿಗಾಲದ ಸೆಮಿಸ್ಟರ್ ಲೆಕ್ಕಕ್ಕೆ ಅಕ್ಟೋಬರ್ 1ರಂದು ಆರಂಭವಾಗುತ್ತದೆ, ಪಾಠಗಳು ಸಾಮಾನ್ಯವಾಗಿ ಆ ತಿಂಗಳ ಮಧ್ಯದಿಂದ ನಡೆಯುತ್ತವೆ. ಅದಕ್ಕೆ ಸೇರಬೇಕಾದವರು ಹಿಂದಿನ ವರ್ಷದ ದಸರೆಯ ಹೊತ್ತಿಗೇ ಕಾಗದಗಳ ಕೆಲಸಕ್ಕೆ ಕೈಹಾಕಬೇಕು. ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ. ನಿಮ್ಮ ಅಂಕಪಟ್ಟಿಗಳು ಅಸಲಿಯೇ ಎಂಬುದನ್ನು ಪರಿಶೀಲಿಸಿ ಕೊಡುವ ಈ ಪತ್ರವಿಲ್ಲದೆ ವೀಸಾ ಅರ್ಜಿ ಮುಂದೆ ಸಾಗುವುದಿಲ್ಲ, ಅನೇಕ ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಯ ಜೊತೆಗೇ ಅದನ್ನು ಕೇಳುತ್ತವೆ.

ಇದಕ್ಕೂ ಮೊದಲು ಮಾಡಬೇಕಾದ, ನಮ್ಮ ಕಡೆಯವರಿಗೆ ವಿಶೇಷವಾಗಿ ಅಗತ್ಯವಾದ ಕೆಲಸವೊಂದಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಪದವಿಯ ಪಟ್ಟಿಯಲ್ಲಿ ಹೆಸರಿನ ಮುಂದೆ ಮನೆತನದ ಹೆಸರು, ಆಧಾರಿನಲ್ಲಿ ತಂದೆಯ ಹೆಸರು ಸೇರಿಕೊಂಡ ಮೂರನೆಯ ರೂಪ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ: ಹೀಗಿರುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಜರ್ಮನಿಯ ಪ್ರತಿ ಅರ್ಜಿಯಲ್ಲೂ ಹೆಸರಿಗೊಂದು, ಕುಟುಂಬದ ಹೆಸರಿಗೊಂದು ಕಾಲಂ ಇದ್ದೇ ಇರುತ್ತದೆ, ಮತ್ತು ಬ್ಯಾಂಕು, ವಿಮೆ, ವಿಶ್ವವಿದ್ಯಾಲಯ ಮೂರೂ ಪಾಸ್‌ಪೋರ್ಟಿನಲ್ಲಿರುವುದನ್ನೇ ಅಕ್ಷರ ಬಿಡದೆ ನಕಲು ಮಾಡುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗಲೇ ಇನಿಶಿಯಲ್‌ಗಳನ್ನು ಬಿಡಿಸಿ ಬರೆಸಿ, ಎರಡೂ ಕಾಲಂ ತುಂಬಿಸಿ, ಉಳಿದ ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿರಿ. ಜನನ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಪ್ರತಿಯನ್ನೂ ಪಡೆಯಿರಿ.

ಹಣದ ವಿಷಯದಲ್ಲಿ, ಜರ್ಮನಿಯಲ್ಲಿ ಓದು ಉಚಿತ ಎಂಬ ಮಾತು ಅರ್ಧ ಸತ್ಯ. ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ಪಡೆಯುವುದಿಲ್ಲ ಎಂಬುದು ನಿಜವಾದರೂ, ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು 2017-18ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಪ್ರತಿ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ವಿಧಿಸುತ್ತ ಬಂದಿದೆ. ಇದರ ಜೊತೆಗೆ ಎಲ್ಲೆಡೆ ಸೆಮಿಸ್ಟರ್ ವಂತಿಗೆ ಇದ್ದೇ ಇದೆ. ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ಹಣವನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ನಿಗದಿತ ಮೊತ್ತ ಮಾತ್ರ ತೆಗೆಯಲು ಬರುವ ಖಾತೆಯಲ್ಲಿ, ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೊ, ಅಂದರೆ ತಿಂಗಳಿಗೆ 992 ಯೂರೊ. ಇಲ್ಲಿ ಯಾರೂ ಒತ್ತಿ ಹೇಳದ ಸಂಗತಿಯೆಂದರೆ, ಈ ಹಣ ನೀವು ಅಲ್ಲಿ ಇಳಿದ ದಿನವೇ ಕೈಗೆ ಬರುವುದಿಲ್ಲ. ವಿಳಾಸ ನೋಂದಣಿಯಾಗಿ, ಖಾತೆ ತೆರೆದು, ಅದು ಚಾಲನೆಗೆ ಬರುವಷ್ಟರಲ್ಲಿ ವಾರಗಳು ಕಳೆಯುತ್ತವೆ, ಅಷ್ಟರೊಳಗೆ ಕೋಣೆಯ ಮುಂಗಡವನ್ನೂ ಮೊದಲ ಬಾಡಿಗೆಯನ್ನೂ ಕಟ್ಟಬೇಕಾಗುತ್ತದೆ. ಈ ಎರಡು ಮೊತ್ತಕ್ಕೆ ಬೇಕಾಗುವಷ್ಟನ್ನು ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿಯೇ ಒಯ್ಯಿರಿ.

ಹಂತ 2: ಭಾಷೆ

ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಬದುಕು ಜರ್ಮನ್ ಭಾಷೆಯಲ್ಲಿಯೇ ನಡೆಯುತ್ತದೆ. ದಿನಬಳಕೆಯ ಸರಳ ಮಾತಿಗೆ ಸಾಕಾಗುವ ಎ2 ಮಟ್ಟದವರೆಗಾದರೂ ಇಲ್ಲಿಂದಲೇ ಕಲಿತು ಹೋಗುವುದು ಒಳ್ಳೆಯದು. ಬೆಂಗಳೂರಿನ ಗೋಥೆ ಸಂಸ್ಥೆ ತರಗತಿ ಮತ್ತು ಪರೀಕ್ಷೆ ಎರಡನ್ನೂ ನಡೆಸುತ್ತದೆ. ಪುಸ್ತಕದ ಜರ್ಮನ್ ಕಲಿತವರು ಟ್ಯೂಬಿಂಗೆನ್ನಿನ ವೃದ್ಧರಾಡುವ ಶ್ವಾಬಿಯನ್ ಎಂಬ ಆ ಸೀಮೆಯ ಆಡುಮಾತನ್ನು ಕೇಳಿ ಗಾಬರಿಯಾಗಬಾರದು, ಬೆಂಗಳೂರಿನ ಕನ್ನಡ ಕಲಿತವರು ನಮ್ಮ ಸಂತೆಗೆ ಬಂದರೆ ಆಗುವುದೂ ಅದೇ.

ಈ ಊರಿಗೂ ನಮ್ಮ ಭಾಷೆಗೂ ಒಂದು ಸಂಬಂಧವಿದೆ. ಮಂಗಳೂರಿನಿಂದ 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗೆನ್ನಿನಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಇದೇ ವಿಶ್ವವಿದ್ಯಾಲಯ, ಅವರು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಧಾರವಾಡದಲ್ಲಿ ಕನ್ನಡ ಕಲಿಯತೊಡಗಿದ ಆ ಮನುಷ್ಯನನ್ನು ನೆನೆದಾಗ, ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು ಜರ್ಮನ್ ಮಾತಾಡಲು ನಾವು ಪಡುವ ಸಂಕೋಚ ಸ್ವಲ್ಪ ಕಡಿಮೆಯಾಗುತ್ತದೆ.

ಹಂತ 3: ಕೋಣೆ

ಪ್ರವೇಶಪತ್ರ ಬಂದ ದಿನವೇ ವಿದ್ಯಾರ್ಥಿ ವಸತಿಗೆ ಅರ್ಜಿ ಹಾಕಿರಿ. ಹಾಸ್ಟೆಲುಗಳನ್ನು ನಡೆಸುವುದು ವಿಶ್ವವಿದ್ಯಾಲಯವಲ್ಲ, ಸ್ಟುಡಿಯೆರೆಂಡೆನ್‌ವೆರ್ಕ್ ಎಂಬ ಪ್ರತ್ಯೇಕ ಸಂಸ್ಥೆ. ಮೆನ್ಸಾ ಎಂದು ಕರೆಯುವ ಅಗ್ಗದ ಭೋಜನಶಾಲೆಗಳೂ ಅದರವೇ. ಅಲ್ಲಿ ಜಾಗ ಸಿಗದಿದ್ದರೆ ನಾಲ್ಕಾರು ಜನ ಸೇರಿ ಹಿಡಿದ ಮನೆಯಲ್ಲಿ ಒಂದು ಕೋಣೆ ಹುಡುಕಬೇಕು. ಇಂಥ ಮನೆಗಳವರು ನಿಮ್ಮನ್ನು ಸಂದರ್ಶನಕ್ಕೆ ಕರೆಯುತ್ತಾರೆ. ಅಲ್ಲಿ ಅಂಕಗಳ ಬಗ್ಗೆ ಯಾರೂ ಕೇಳುವುದಿಲ್ಲ. ನೀವು ಪಾತ್ರೆ ತೊಳೆದಿಡುತ್ತೀರಾ, ರಾತ್ರಿ ಗದ್ದಲ ಮಾಡುತ್ತೀರಾ ಎಂಬುದನ್ನು ನೋಡುತ್ತಾರೆ. ಕೋಣೆಯನ್ನು ನೀವಾಗಲಿ ನಿಮ್ಮ ಪರಿಚಯದವರಾಗಲಿ ಕಣ್ಣಾರೆ ನೋಡದೆ ಹಣ ಕಳಿಸಬೇಡಿರಿ, ಮಾಲೀಕ ಊರಲ್ಲಿಲ್ಲ, ಬೀಗದಕೈ ಅಂಚೆಯಲ್ಲಿ ಬರುತ್ತದೆ ಎಂಬ ಕಥೆಗಳೆಲ್ಲ ಮೋಸ.

ಜಾಹೀರಾತಿನಲ್ಲಿ ಎರಡು ಬಾಡಿಗೆಗಳಿರುತ್ತವೆ. ಕಾಲ್ಟ್‌ಮೀಟೆ ಎಂದರೆ ಗೋಡೆಗಳ ಬಾಡಿಗೆ ಮಾತ್ರ. ಹೀಟರು, ನೀರು, ಕಸದ ಖರ್ಚು ಸೇರಿದರೆ ವಾರ್ಮ್‌ಮೀಟೆ. ನೀವು ನೋಡಬೇಕಾದದ್ದು ಎರಡನೆಯದನ್ನು. ಮುಂಗಡವು ಮೊದಲನೆಯದರ 3 ತಿಂಗಳ ಮೊತ್ತವನ್ನು ಮೀರಬಾರದೆಂದು ಕಾನೂನೇ ಹೇಳುತ್ತದೆ. ಒಳಗೆ ಹೋಗುವ ದಿನ ಗೋಡೆಯ ಕಲೆ, ನೆಲದ ಗೀರು, ಕಿಟಕಿಯ ಬಿರುಕು ಎಲ್ಲವನ್ನೂ ಫೋಟೊ ತೆಗೆದು, ಹಸ್ತಾಂತರದ ಪಟ್ಟಿಯಲ್ಲಿ ಬರೆಸಿ, ಇಬ್ಬರೂ ಸಹಿ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿರಿ. ಬಿಡುವ ದಿನ ಮುಂಗಡ ವಾಪಸು ತರುವುದು ಆ ಒಂದು ಹಾಳೆ.

ಚಳಿಗಾಲದಲ್ಲಿ ಕಿಟಕಿಯನ್ನು ಮುಚ್ಚಿಯೇ ಇಡಬೇಕೆಂದು ನಮಗೆ ಸಹಜವಾಗಿಯೇ ಅನಿಸುತ್ತದೆ. ಆದರೆ ಉಸಿರು, ಸ್ನಾನ, ಅನ್ನದ ಆವಿ ಇವೆಲ್ಲ ತಣ್ಣನೆಯ ಗೋಡೆಗೆ ಕೂತು ಬೂಸ್ಟು ಹಿಡಿಯುತ್ತದೆ, ಅದನ್ನು ತೆಗೆಸುವ ಖರ್ಚು ನಿಮ್ಮ ತಲೆಗೆ ಬರಬಹುದು. ದಿನಕ್ಕೆ ಎರಡು ಮೂರು ಸಲ ಹೀಟರು ಆರಿಸಿ, ಕಿಟಕಿಯನ್ನು ಪೂರ್ತಿ ತೆರೆದು, ಐದು ನಿಮಿಷ ಬಿಟ್ಟು ಮುಚ್ಚುವುದು ಅಲ್ಲಿನ ಪದ್ಧತಿ.

ಶ್ವಾಬಿಯನ್ ಸೀಮೆಯಲ್ಲಿ ಇದರ ಮೇಲೊಂದು ಕೇರ್‌ವೊಖೆ, ಅಂದರೆ ಗುಡಿಸುವ ವಾರ ಇದೆ. ಒಂದು ಸಣ್ಣ ಫಲಕ ಸರದಿಯ ಪ್ರಕಾರ ಮನೆಯಿಂದ ಮನೆಗೆ ಬಾಗಿಲ ಹಿಡಿಗೆ ನೇತಾಡುತ್ತ ಬರುತ್ತದೆ. ಅದು ನಿಮ್ಮ ಬಾಗಿಲಿಗೆ ಬಂದ ವಾರ ಮೆಟ್ಟಿಲು ಗುಡಿಸಿ ಒರೆಸುವುದು, ಮನೆಮುಂದಿನ ಹಾದಿಯನ್ನು ಚೊಕ್ಕಟ ಮಾಡುವುದು, ಕೆಲವೆಡೆ ಹಿಮ ಬಿದ್ದರೆ ತೆಗೆಯುವುದು ನಿಮ್ಮ ಪಾಲಿನ ಕೆಲಸ. ಕೆಲಸ ಮುಗಿದ ಮೇಲೆ ಭಾನುವಾರ ಸಂಜೆ ಫಲಕವನ್ನು ಪಕ್ಕದ ಮನೆಯ ಬಾಗಿಲಿಗೆ ನೇತುಹಾಕುತ್ತೀರಿ. ಮೆಟ್ಟಿಲಿನ ಮೂಲೆಯಲ್ಲಿ ಉಳಿದ ಧೂಳನ್ನು ಕೆಳಮನೆಯ ಅಜ್ಜಿ ಬೆರಳಿಟ್ಟು ತೋರಿಸಿದರೆ ಬೇಸರ ಪಡಬೇಡಿರಿ, ಮುಂದಿನ ತಿಂಗಳು ಅದೇ ಅಜ್ಜಿ ಪ್ಲಮ್ ಹಣ್ಣಿನ ಕೇಕ್ ತಂದುಕೊಡುತ್ತಾರೆ.

ಹಂತ 4: ಮೊದಲ ಎರಡು ವಾರದ ಕಾಗದಗಳು

ಇಲ್ಲಿ ಕ್ರಮ ತಪ್ಪಿದರೆ ಎಲ್ಲವೂ ನಿಂತುಬಿಡುತ್ತದೆ. ಮೊದಲು, ಮನೆಯ ಹೊರಗಿನ ಅಂಚೆಪೆಟ್ಟಿಗೆಗೆ ನಿಮ್ಮ ಹೆಸರಿನ ಚೀಟಿ ಅಂಟಿಸಿರಿ. ಇದನ್ನು ಮೊದಲ ಸಾಲಿನಲ್ಲಿಯೇ ಹೇಳಲು ಕಾರಣವಿದೆ: ಅಲ್ಲಿ ವಿಳಾಸದಲ್ಲಿ ಕೋಣೆಯ ಸಂಖ್ಯೆ ಬರೆಯುವ ರೂಢಿ ಕಡಿಮೆ, ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಎಲ್ಲವೂ ಕಳಿಸಿದವರಿಗೇ ಮರಳಿ ಹೋಗುತ್ತವೆ. ಆಮೇಲೆ ಮನೆ ಮಾಲೀಕರಿಂದ ವಾಸದ ದೃಢೀಕರಣ ಪತ್ರ ಪಡೆದು, ಒಳಗೆ ಬಂದ 2 ವಾರದೊಳಗೆ ನಗರ ಕಚೇರಿಯಲ್ಲಿ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಮಾಡಿಸಬೇಕು. ಉಳಿದ ಕೆಲಸಗಳು ನೋಂದಣಿಯಾದಾಗ ಸಿಗುವ ಪತ್ರವನ್ನು ಹಿಡಿದು ಸಾಗುತ್ತವೆ. ವಿದ್ಯಾರ್ಥಿ ದರದ ಸರ್ಕಾರಿ ಮಾದರಿಯ ಆರೋಗ್ಯ ವಿಮೆ 30 ವರ್ಷದ ತನಕ ಮಾತ್ರ ಸಿಗುತ್ತದೆ. ಕೆಲವು ವರ್ಷ ಉದ್ಯೋಗ ಮಾಡಿ ಓದಲು ಹೋಗುವವರು ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ವೀಸಾ ಅವಧಿ ಮುಗಿಯುವ ಮೊದಲೇ ನಿವಾಸ ಪರವಾನಗಿಗೆ ಅರ್ಜಿ ಹಾಕಿರಿ.

ಕೆಲವೇ ದಿನಗಳಲ್ಲಿ ರೇಡಿಯೊ-ಟಿವಿ ಶುಲ್ಕದ ಪತ್ರವೂ ಬರುತ್ತದೆ. ಟಿವಿ ಇಲ್ಲವೆಂದು ಅದನ್ನು ಬುಟ್ಟಿಗೆ ಹಾಕಬೇಡಿರಿ. ತಿಂಗಳಿಗೆ 18.36 ಯೂರೊ ಶುಲ್ಕವಿರುವುದು ಮನೆಗೆ, ಟಿವಿಗಲ್ಲ. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟಿ ಉಳಿದವರು ಪಾಲು ಕೊಟ್ಟರೆ ಸಾಕು. ಬಂದ ಪ್ರತಿ ಪತ್ರವನ್ನೂ ಅದೇ ದಿನ ಒಡೆದು, ಕೊನೆಯ ದಿನಾಂಕಕ್ಕೆ ಗೆರೆ ಎಳೆದು, ಎರಡು ತೂತು ಹೊಡೆದು ದಪ್ಪ ಫೈಲಿನಲ್ಲಿ ಸೇರಿಸುವ ರೂಢಿ ಮಾಡಿಕೊಳ್ಳಿರಿ.

ಹಂತ 5: ತರಗತಿ

ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿದ್ದು ಪಕ್ಕದಲ್ಲಿ ಸಿ.ಟಿ. ಎಂದಿದ್ದರೆ ಪಾಠ ಹತ್ತೂಕಾಲಿಗೆ ಆರಂಭವೆಂದು ತಿಳಿಯಬೇಕು. ಆ ಹದಿನೈದು ನಿಮಿಷ ಬಿಟ್ಟರೆ ಮತ್ತೆ ವಿನಾಯಿತಿ ಇಲ್ಲ. ಪಾಠ ಮುಗಿದಾಗ ಚಪ್ಪಾಳೆಯ ಬದಲು ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಬಡಿಯುತ್ತಾರೆ. ಅಂಕಗಳಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು. ಮನೆಗೆ ಫೋನಿನಲ್ಲಿ "ಒಂದೂವರೆ ಬಂತು" ಎಂದು ಹೇಳುವ ಮೊದಲು ಇದನ್ನು ವಿವರಿಸಿಬಿಡುವುದು ಒಳ್ಳೆಯದು.

ಪರೀಕ್ಷೆಯ ವಿಷಯದಲ್ಲಿ ನಮ್ಮವರು ಎಡವುವುದು ಓದಿನಲ್ಲಲ್ಲ, ನಿಯಮದಲ್ಲಿ. ಪ್ರತಿ ಪರೀಕ್ಷೆಗೆ ನಿಗದಿತ ದಿನದೊಳಗೆ ನೋಂದಾಯಿಸಬೇಕು, ಸಿದ್ಧತೆ ಸಾಲದಿದ್ದರೆ ನಿಗದಿತ ದಿನದೊಳಗೆ ಹಿಂದೆ ಸರಿಯಬೇಕು. ಒಂದು ವಿಷಯವನ್ನು ಎಷ್ಟು ಬಾರಿ ಬರೆಯಬಹುದೆಂಬುದಕ್ಕೆ ಮಿತಿಯಿದೆ, ಮತ್ತು ಕಡ್ಡಾಯ ವಿಷಯದಲ್ಲಿ ಆ ಅವಕಾಶಗಳೆಲ್ಲ ಮುಗಿದರೆ ಆ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿಯೂ ಮುಂದುವರಿಸಲು ಬರುವುದಿಲ್ಲ. ನಮ್ಮಲ್ಲಿಯ ಹಾಗೆ ಬ್ಯಾಕ್ ಉಳಿಸಿಕೊಂಡು ಮುಂದೆ ಸಾಗುವ ಲೆಕ್ಕಾಚಾರ ಅಲ್ಲಿ ನಡೆಯದು. ಮೊದಲ ವಾರವೇ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ತಾಳ್ಮೆಯಿಂದ ಓದಿರಿ, ಅರ್ಥವಾಗದ್ದನ್ನು ವಿದ್ಯಾರ್ಥಿ ಸಲಹೆಗಾರರನ್ನು ಕೇಳಿರಿ.

ನಾನು ಅಲ್ಲಿ ಕಂಡ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಪ್ರಶ್ನೆ ಕೇಳುವ ರೀತಿಯಲ್ಲಿತ್ತು. ಜೇಡಿಮಣ್ಣಿನ ಪದರದೊಳಗೆ ನೀರು ಚಲಿಸುವ ಬಗೆಯನ್ನು ಹಲಗೆಯ ಮೇಲೆ ಬಿಡಿಸುತ್ತಿದ್ದ ಪ್ರಾಧ್ಯಾಪಕರೊಬ್ಬರು, ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಗೊತ್ತಿಲ್ಲ, ಮುಂದಿನ ವಾರ ನೋಡಿಕೊಂಡು ಬರುತ್ತೇನೆ" ಎಂದು ಹೇಳಿ, ಮುಂದಿನ ವಾರ ನಿಜವಾಗಿಯೂ ನೋಡಿಕೊಂಡು ಬಂದಿದ್ದರು. ತರಗತಿಯಲ್ಲಿ ಯಾರಿಗೂ ಅದು ವಿಶೇಷವೆನಿಸಲಿಲ್ಲ, ನನ್ನ ಹೊರತು. ಮೌನವನ್ನು ಅಲ್ಲಿ ವಿನಯವೆಂದು ಯಾರೂ ಎಣಿಸುವುದಿಲ್ಲ, ತಯಾರಿಯಿಲ್ಲವೆಂದೇ ತಿಳಿಯುತ್ತಾರೆ. ಹಾಗಾಗಿ ಪ್ರತಿ ತರಗತಿಗೆ ಮೊದಲೇ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಿರಿ.

ದುಡಿಮೆಯ ಬಗ್ಗೆ ಹೇಳುವುದಾದರೆ, 2024ರ ಮಾರ್ಚಿನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಭಾಗದಲ್ಲಿಯೇ ಪ್ರಯೋಗಾಲಯದ ಸಹಾಯಕ ಕೆಲಸ ಸಿಕ್ಕರೆ ಹೋಟೆಲಿನ ಕೆಲಸಕ್ಕಿಂತ ಅದು ಮೇಲು. ಸಂಬಳಕ್ಕಾಗಿ ಅಲ್ಲ, ಮುಂದೆ ಪ್ರಬಂಧಕ್ಕೆ ಮಾರ್ಗದರ್ಶಕರು ಸಿಗುವುದು ಅಲ್ಲಿಂದಲೇ.

ಹಂತ 6: ಅಡುಗೆಮನೆ ಮತ್ತು ಭಾನುವಾರ

ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸದ ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಅಂದರೆ ತುಪ್ಪಕ್ಕೂ ಧಾರವಾಡ ಪೇಡೆಗೂ ಪ್ರವೇಶವಿಲ್ಲ, ಅಮ್ಮಂದಿರು ಎಷ್ಟೇ ಒತ್ತಾಯ ಮಾಡಿದರೂ ತೆಗೆದಿಡಿರಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಸಾರಿನ ಪುಡಿ, ಸಣ್ಣ ಕುಕ್ಕರು ಮತ್ತು ಅದರ ಗ್ಯಾಸ್ಕೆಟ್ಟು ಎರಡು: ಇಷ್ಟಿದ್ದರೆ ಮೊದಲ ತಿಂಗಳು ದಾಟುತ್ತದೆ. ತೊಗರಿಬೇಳೆ, ಕರಿಬೇವು ಊರಿನ ಏಷ್ಯನ್ ಅಂಗಡಿಯಲ್ಲಿ ಅಥವಾ ದೊಡ್ಡ ನಗರಗಳಲ್ಲಿ ಶ್ರೀಲಂಕಾ ತಮಿಳರು ನಡೆಸುವ ಅಂಗಡಿಗಳಲ್ಲಿ ಸಿಗುತ್ತವೆ. ಜೋಳದ ಹಿಟ್ಟಿನ ಆಸೆ ಬಿಡುವುದು ಲೇಸು. ಸಿಕ್ಕರೂ ಅಲ್ಲಿನ ವಿದ್ಯುತ್ ಒಲೆಯ ಮೇಲೆ ರೊಟ್ಟಿ ಉಬ್ಬುವುದಿಲ್ಲ.

ಹಾಸ್ಟೆಲಿನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಕಾರಿಡಾರಿನ ಬಾಗಿಲು ಮುಚ್ಚಿರಿ, ಕಿಟಕಿ ತೆರೆಯಿರಿ, ಸಾಸಿವೆ ಸಿಡಿದ ಕೂಡಲೇ ಮುಚ್ಚಳ ಹಾಕಿರಿ. ಒಣಮೆಣಸಿನಕಾಯಿ ಕಪ್ಪಾಗುವ ತನಕ ಕಾದರೆ ಕಾರಿಡಾರಿನ ಹೊಗೆ ಸೂಚಕ ಚೀರತೊಡಗಿ, ಇಡೀ ಕಟ್ಟಡದವರು ಕೋಟು ಹಾಕಿಕೊಂಡು ಕೆಳಗೆ ಇಳಿಯಬೇಕಾಗುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ಮನೆಗೆ ಬಂದಿರಬೇಕು. ಅಂದು ಡ್ರಿಲ್ ಮಾಡುವುದು, ಗಾಜಿನ ಬಾಟಲಿಗಳನ್ನು ತೊಟ್ಟಿಗೆ ಎಸೆಯುವುದು ಕೂಡ ನಿಷಿದ್ಧ. ಕಸದಲ್ಲಿ ಕಾಗದಕ್ಕೊಂದು ಡಬ್ಬಿ, ಹಸಿಕಸಕ್ಕೊಂದು, ಪ್ಯಾಕಿಂಗಿನದಕ್ಕೊಂದು, ಉಳಿದದ್ದಕ್ಕೊಂದು. ಬಣ್ಣಗಳನ್ನು ಊರಿನ ಪಟ್ಟಿ ನೋಡಿ ತಿಳಿದುಕೊಳ್ಳಿರಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿಯಿದ್ದು, ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಆ ಹಣದ ಚೀಟಿ ಬರುತ್ತದೆ. ತಿಂಗಳ ಕೊನೆಯಲ್ಲಿ ಈ ಚೀಟಿಗಳೇ ವಿದ್ಯಾರ್ಥಿಗಳಿಗೆ ಬ್ರೆಡ್ಡು.

ಹಂತ 7: ಕತ್ತಲೆಯ ತಿಂಗಳುಗಳು

ಡಿಸೆಂಬರಿನಲ್ಲಿ ಆ ಕಡೆ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ನಮ್ಮ ಊರಿಗೂ ಅಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರ. ಮನೆಯವರು ಮಲಗುವ ಹೊತ್ತಿಗೆ ನಿಮ್ಮ ಸಂಜೆ ಆರಂಭವಾಗಿ, ಉಳಿದ ಹೊತ್ತೆಲ್ಲ ಒಬ್ಬರೇ ಆಗುತ್ತದೆ. ದಿನವೂ ಒಂದೇ ಸಮಯಕ್ಕೆ ಗಂಟೆಗಟ್ಟಲೆ ವಿಡಿಯೊ ಕರೆ ಮಾಡುವುದಕ್ಕಿಂತ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ವಲ್ಪ ಹೊತ್ತು ಮಾತಾಡಿ ಸಂಜೆಯನ್ನು ಆ ಊರಿನ ಜನರಿಗೆ ಮೀಸಲಿಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. "ಏನ್ ಉಂಡೀಯವಾ?" ಎಂಬ ಅವ್ವನ ಪ್ರಶ್ನೆಗೆ ನಿಜವಾದ ಉತ್ತರ ಕೊಡಿರಿ, ಎಲ್ಲ ಚೆನ್ನಾಗಿದೆ ಎಂಬ ನಾಟಕವನ್ನು ತಿಂಗಳುಗಟ್ಟಲೆ ನಡೆಸಿದರೆ ತೊಂದರೆ ಬಂದಾಗ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ನಿದ್ದೆ ಕೆಟ್ಟು, ತರಗತಿಗೆ ಹೋಗಲು ಮನಸ್ಸಾಗದಿದ್ದರೆ ಸ್ಟುಡಿಯೆರೆಂಡೆನ್‌ವೆರ್ಕಿನ ಮಾನಸಿಕ ಸಲಹಾ ಕೇಂದ್ರಕ್ಕೆ ಹೋಗಿರಿ. ಅಲ್ಲಿ ಹೇಳಿದ್ದು ಪ್ರಾಧ್ಯಾಪಕರಿಗಾಗಲಿ ವೀಸಾ ಕಚೇರಿಗಾಗಲಿ ತಲುಪುವುದಿಲ್ಲ.

ಒಂದು ಸಮಾಧಾನವಿದೆ: ನವೆಂಬರ್ 1 ಬಾಡೆನ್-ವ್ಯುರ್ಟೆಂಬರ್ಗಿನಲ್ಲಿ ಕ್ರೈಸ್ತರ ಸಕಲ ಸಂತರ ದಿನವಾಗಿ ಸಾರ್ವಜನಿಕ ರಜೆ. ರಾಜ್ಯೋತ್ಸವಕ್ಕೆ ಹೀಗೆ ರಜೆ ಸಿಗುವ ಭಾಗ್ಯ ಬರ್ಲಿನ್ನಿನ ಕನ್ನಡಿಗರಿಗಿಲ್ಲ.

ಹಂತ 8: ಬಿಡುವಾಗ

ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಅದನ್ನು ಬಳಸಿರಿ ಅಥವಾ ಬಿಡಿರಿ, ಆದರೆ ನಿರ್ಧಾರ ನಿಮ್ಮದಾಗಿರಲಿ. ಮರಳುವುದಾದರೆ ಬಾಡಿಗೆ ಒಪ್ಪಂದಕ್ಕೆ ಸಾಮಾನ್ಯವಾಗಿ 3 ತಿಂಗಳ ಮುಂಚಿನ ಲಿಖಿತ ನೋಟಿಸು ಬೇಕು, ಫೋನು ಮತ್ತು ಜಿಮ್ಮಿನ ಒಪ್ಪಂದಗಳನ್ನೂ ಬರವಣಿಗೆಯಲ್ಲಿಯೇ ಮುಗಿಸಬೇಕು. ನಗರ ಕಚೇರಿಯಲ್ಲಿ ನೋಂದಣಿ ರದ್ದು ಮಾಡಿಸಿ ಆ ಪತ್ರ ಇಟ್ಟುಕೊಳ್ಳಿರಿ. ಮನೆಯ ಮುಂಗಡ ಬರಲು ಕೆಲವು ತಿಂಗಳು ಹಿಡಿಯಬಹುದಾದ್ದರಿಂದ ಅಲ್ಲಿನ ಬ್ಯಾಂಕ್ ಖಾತೆಯನ್ನು ಕೂಡಲೇ ಮುಚ್ಚಬೇಡಿರಿ. ಅಂಕಪಟ್ಟಿ ಮತ್ತು ಕೋರ್ಸಿನ ವಿವರದ ಪುಸ್ತಿಕೆಯನ್ನು ಮುದ್ರೆಯೊಂದಿಗೆ ಹಲವು ಪ್ರತಿ ತರಬೇಕು, ದೂರದಿಂದ ಆಮೇಲೆ ತರಿಸಿಕೊಳ್ಳುವುದು ಪ್ರಯಾಸದ ಕೆಲಸ.

ಹಂತ 9: ಮರಳಿದ ಮೇಲೆ

ಸರ್ಕಾರಿ ಹುದ್ದೆ ಅಥವಾ ವಿಶ್ವವಿದ್ಯಾಲಯದ ಕಡೆ ಮನಸ್ಸಿದ್ದರೆ ವಿದೇಶಿ ಪದವಿಯ ಸಮಾನತೆಯ ಪ್ರಮಾಣಪತ್ರಕ್ಕೆ ಬಂದ ತಿಂಗಳಲ್ಲಿಯೇ ಅರ್ಜಿ ಹಾಕಿರಿ, ಅಧಿಸೂಚನೆ ಹೊರಟ ಮೇಲೆ ಓಡಾಡಿದರೆ ಸಮಯ ಸಾಲದು. ಅನಿವಾಸಿ ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಿಸಲು ಬ್ಯಾಂಕಿಗೆ ತಿಳಿಸಿರಿ. ಶಿಕ್ಷಣ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ 8 ವರ್ಷದವರೆಗೆ ವಿನಾಯಿತಿ ಇದೆ.

ಇವೆಲ್ಲ ಸುಲಭದ ಭಾಗ. ಕಷ್ಟದ ಭಾಗವೆಂದರೆ ಮದುವೆ ಮನೆಗಳಲ್ಲಿ ಎದುರಾಗುವ "ಯಾಕ ವಾಪಸ್ ಬಂದ್ರಿ?" ಎಂಬ ಪ್ರಶ್ನೆ. ವೀಸಾ ಸಿಗಲಿಲ್ಲವೋ, ಕೆಲಸ ಸಿಗಲಿಲ್ಲವೋ ಎಂಬ ಎರಡೇ ಸಾಧ್ಯತೆಗಳನ್ನು ಕೇಳುವವರು ಮೊದಲೇ ಲೆಕ್ಕ ಹಾಕಿರುತ್ತಾರೆ. ಒಂದು ವಾಕ್ಯದ ಉತ್ತರ ಸಿದ್ಧವಿಟ್ಟುಕೊಳ್ಳಿರಿ, ವಿವರಣೆಗೆ ಇಳಿಯಬೇಡಿರಿ. ಅದೇ ರೀತಿ ನೀವೂ ಪ್ರತಿ ಮಾತಿಗೆ "ಅಲ್ಲಿ ಹೀಗಿರಲಿಲ್ಲ" ಎಂದು ಸೇರಿಸುವುದನ್ನು ನಿಲ್ಲಿಸಬೇಕು. ಧಾರವಾಡದ ಬಸ್ಸನ್ನು ಟ್ಯೂಬಿಂಗೆನ್ನಿನ ಬಸ್ಸಿನ ಜೊತೆ ಹೋಲಿಸುವುದರಿಂದ ಬಸ್ಸು ಬೇಗ ಬರುವುದಿಲ್ಲ, ಜೊತೆಗೆ ನಿಂತವರು ಮಾತ್ರ ದೂರ ಸರಿಯುತ್ತಾರೆ.

ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಆರಿಸುವಾಗ, ನಿಮ್ಮೊಬ್ಬರಿಂದಲೇ ನಡೆಯುವಂಥವನ್ನು ಆರಿಸಿರಿ. ತೂತು ಹೊಡೆದ ಫೈಲು ನಮ್ಮ ಮನೆಯಲ್ಲಿ ಈಗಲೂ ಇದೆ. ಖಾತೆ ಉತಾರ, ಕರೆಂಟ್ ಬಿಲ್ಲು, ಅಪ್ಪನ ಆಸ್ಪತ್ರೆಯ ಚೀಟಿ ಎಲ್ಲವೂ ವಿಭಾಗವಾರು ಅದರಲ್ಲಿವೆ. ಹಸಿಕಸ, ಒಣಕಸ ಬೇರೆ ಮಾಡುವುದಕ್ಕೆ ಪಾಲಿಕೆಯ ಗಾಡಿಯವರು ಹೇಳಲಿ ಎಂದು ಕಾಯಬೇಕಾಗಿಲ್ಲ. ಕೆಲಸದಲ್ಲಿ ನನಗೆ ಉಪಯೋಗವಾದದ್ದು ಮತ್ತೊಂದು: ರೈತರು ತಮ್ಮ ಹೊಲದಲ್ಲಿ ಬೋರು ಎಲ್ಲಿ ಕೊರೆಸಬೇಕೆಂದು ಕೇಳಿದಾಗ, ಅಳತೆ ಮಾಡದೆ ಹೇಳಲು ಬರುವುದಿಲ್ಲ, ಮಾಡಿ ಮುಂದಿನ ವಾರ ಬಂದು ಹೇಳುತ್ತೇನೆ ಎನ್ನುತ್ತೇನೆ. ಕೂಡಲೇ ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರ ಮುಂದೆ ಈ ಉತ್ತರ ಮೊದಮೊದಲು ಸಪ್ಪೆಯಾಗಿ ಕೇಳಿಸಿತು. ಹೇಳಿದ ವಾರ ತಪ್ಪದೆ ಹೋಗತೊಡಗಿದ ಮೇಲೆ ಜನ ಆ ವಾರಕ್ಕೆ ಕಾಯುತ್ತಾರೆ.

ಕೊನೆಯ ಕೆಲಸ, ನಿಮ್ಮ ನಂತರ ಹೊರಡುವವರಿಗೆ ಸಂಬಂಧಿಸಿದ್ದು. ಊರಿನ ಹುಡುಗ ಹುಡುಗಿಯರು ಬಂದು ಕೇಳುತ್ತಾರೆ. ಅವರಿಗೆ ಅನುಭವದ ಭಾಷಣಕ್ಕಿಂತ ಕಾಗದಗಳ ಪಟ್ಟಿ, ಹೆಸರು ಸರಿಪಡಿಸಿಕೊಳ್ಳುವ ಕ್ರಮ, ಖರ್ಚಿನ ತಿಂಗಳವಾರು ಲೆಕ್ಕ ಕೊಡಿರಿ, ಮತ್ತು ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ವರ್ಷದ್ದೆಂದು ಬರೆದಿರಿ. ಬ್ಲಾಕ್ಡ್ ಅಕೌಂಟಿನ ಮೊತ್ತ 2023ರಲ್ಲಿ 11,208 ಯೂರೊ ಇದ್ದದ್ದು ಮರುವರ್ಷವೇ ಏರಿತು. ಹಳೆಯ ಅಂಕಿ ನಂಬಿ ಸಾಲ ಮಂಜೂರು ಮಾಡಿಸಿದವರು ವೀಸಾ ದಿನಾಂಕದ ಮುಂದೆ ನಿಂತು ಉಳಿದ ಹಣಕ್ಕೆ ಪರದಾಡಬೇಕಾಗುತ್ತದೆ. ಈ ಲೇಖನದ ಅಂಕಿಗಳನ್ನೂ ಅರ್ಜಿ ಹಾಕುವ ತಿಂಗಳಲ್ಲಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ಪುಟದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿರಿ.